ಮೊಲಕ್ಕೆ ಪೆಟ್ಟಾಗಿರಬಹುದೆಂಬ ಸಂಶಯ ಬಂದಾಗ ಏನು ನೋಡಬೇಕು, ಏನು ಮಾಡಬೇಕು

ಪೆಟ್ಟು ಬಿದ್ದ ನಾಯಿ ನರಳುತ್ತದೆ, ಬೆಕ್ಕು ಮೈ ಮುಟ್ಟಿದರೆ ಸಿಡುಕುತ್ತದೆ. ಮೊಲ ಮಾತ್ರ ಒಂದು ಮೂಲೆ ಸೇರಿ ಸದ್ದಿಲ್ಲದೆ ಕುಳಿತುಬಿಡುತ್ತದೆ. ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವಿಯಾದ್ದರಿಂದ ನೋವನ್ನು ಮರೆಮಾಚುವುದು ಅದರ ಹುಟ್ಟುಗುಣ. ಹೀಗಾಗಿಯೇ ಅದು ಕೈಯಿಂದ ಜಾರಿ ಬಿದ್ದಾಗ, ಬಾಗಿಲ ಸಂದಿಗೆ ಕಾಲು ಸಿಕ್ಕಿಕೊಂಡಾಗ ಅಥವಾ ಮಂಚದ ಮೇಲಿಂದ ಎಡವಟ್ಟಾಗಿ ಹಾರಿದಾಗ, ಪೆಟ್ಟಾಗಿದೆಯೋ ಇಲ್ಲವೋ ತಿಳಿಯದೆ ಮನೆಯವರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಆ ಆತಂಕ ಅತಿಯಾದದ್ದೇನಲ್ಲ. ಅದನ್ನು ಕ್ರಮವಾದ ಗಮನಿಕೆಯತ್ತ ತಿರುಗಿಸಿಕೊಂಡರೆ, ವೈದ್ಯರ ಬಳಿಗೆ ಈ ಕ್ಷಣವೇ ಓಡಬೇಕೋ ಅಥವಾ ಮನೆಯಲ್ಲೇ ಸ್ವಲ್ಪ ಹೊತ್ತು ನೋಡಬಹುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಬಹುದು.

ಮೊದಲಿಗೆ, ಕಾಯುವಂತೆಯೇ ಇಲ್ಲದ ಸಂದರ್ಭಗಳನ್ನು ಹೇಳಿಬಿಡುತ್ತೇನೆ. ಮೊಲ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಹಿಂಗಾಲುಗಳನ್ನು ಎಳೆದುಕೊಂಡು ಹೋಗುತ್ತಿದ್ದರೆ, ತಲೆ ಒಂದು ಕಡೆಗೆ ವಾಲಿದ್ದರೆ, ಮೈ ಸೆಟೆದು ನಡುಗುತ್ತಿದ್ದರೆ, ರಕ್ತ ನಿಲ್ಲದಿದ್ದರೆ, ಕಿವಿಗಳು ತಣ್ಣಗಾಗಿ ವಸಡು ಬಿಳಿಚಿಕೊಂಡು ಮೈ ಜೋಲುಬಿದ್ದಿದ್ದರೆ, ಮುಂದಿನದನ್ನು ಓದುತ್ತ ಕೂರದೆ ಪಶುವೈದ್ಯರಿಗೆ ಫೋನ್ ಮಾಡಿ ಹೊರಡಬೇಕು. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಅದು ಬಾಯಿ ತೆರೆದಿದೆ ಎಂದರೆ ಉಸಿರಿಗೆ ತೀರ ಕಷ್ಟವಾಗಿದೆ ಎಂದೇ ಅರ್ಥ. ನಾಯಿ ಅಥವಾ ಬೆಕ್ಕು ಕಚ್ಚಿದ್ದರೆ, ಹೊರಗೆ ಕಾಣುವುದು ಸೂಜಿಮೊನೆಯಷ್ಟು ಗಾಯವೇ ಆದರೂ ಅದೇ ದಿನ ತೋರಿಸಬೇಕು, ಏಕೆಂದರೆ ಹಲ್ಲಿನ ಮೂಲಕ ಒಳಸೇರಿದ ಸೋಂಕು ಮೊಲದಲ್ಲಿ ಗಟ್ಟಿಯಾದ ಕೀವು ತುಂಬಿದ ಬಾವಾಗುತ್ತದೆ, ಮತ್ತು ಆ ಕೀವು ತಾನಾಗಿ ಹರಿದುಹೋಗುವಂಥದ್ದಲ್ಲ.

ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು 5ರಿಂದ 10 ನಿಮಿಷ ಒತ್ತಿ ಹಿಡಿಯಬೇಕು, ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬಾರದು. ಉಗುರು ಕಿತ್ತುಬಂದಾಗ ರಕ್ತ ಗಾಬರಿಯಾಗುವಷ್ಟು ಸುರಿದರೂ ಸಾಮಾನ್ಯವಾಗಿ ಹೀಗೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಇಂಥ ತುರ್ತು ಇಲ್ಲದಿದ್ದಲ್ಲಿ ಮೊದಲು ಮಾಡಬೇಕಾದ ಕೆಲಸ ಮೊಲವನ್ನು ಎತ್ತದಿರುವುದು. ಪೆಟ್ಟಾದ ತಕ್ಷಣ ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಕಾಲುಗಳನ್ನು ಎಳೆದೆಳೆದು ಪರೀಕ್ಷಿಸಬೇಕೆನ್ನಿಸುತ್ತದೆ. ಎಷ್ಟೋ ಸಲ ಹಾನಿ ಆಗುವುದು ಅಲ್ಲಿಯೇ. ಮೊಲದ ಎಲುಬುಗೂಡು ದೇಹದ ತೂಕದ ಸುಮಾರು 8 ಪ್ರತಿಶತದಷ್ಟು ಮಾತ್ರ ಇರುವ ಹಗುರವಾದ ರಚನೆಯಾದರೆ, ಹಿಂಗಾಲಿನ ಸ್ನಾಯುಗಳು ಬಹಳ ಬಲಶಾಲಿ. ಹಿಂಭಾಗಕ್ಕೆ ಆಧಾರವಿಲ್ಲದೆ ಹಿಡಿದಾಗ ಅದು ಬಿಡಿಸಿಕೊಳ್ಳಲು ಒಮ್ಮೆ ಜೋರಾಗಿ ಝಾಡಿಸಿದರೆ ಸಾಕು, ಆ ಬಲವೇ ಸೊಂಟದ ಬಳಿಯ ಬೆನ್ನುಮೂಳೆಯನ್ನು ಮುರಿಯಬಲ್ಲದು. ಹೀಗಾಗಿ ಗಲಾಟೆಯಿಲ್ಲದ ಕೋಣೆಯಲ್ಲಿ, ಜಾರದ ನೆಲದ ಮೇಲೆ, ಹುಲ್ಲು ಮತ್ತು ನೀರು ಹತ್ತಿರದಲ್ಲೇ ಇರುವಂತೆ ಅದನ್ನು ಬಿಟ್ಟು, ನೀವು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತು ನೋಡುವುದು ಒಳ್ಳೆಯದು.

ಉಸಿರನ್ನು ಮೊದಲು ಎಣಿಸಿ. ಮೂಗು ಸದಾ ಮಿಡುಕುತ್ತಿರುವುದರಿಂದ ಅದನ್ನು ನೋಡಿ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಪಕ್ಕೆ ಏರಿಳಿಯುವುದನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಬೇಕು. ವಿಶ್ರಾಂತಿಯಲ್ಲಿರುವ ಮೊಲದಲ್ಲಿ ಅದು ನಿಮಿಷಕ್ಕೆ ಸುಮಾರು 30ರಿಂದ 60ರ ನಡುವೆ ಇರುತ್ತದೆ. ಹೆದರಿದಾಗ ಇನ್ನೂ ಏರುವುದು ಸಹಜ, ಆದರೆ ಶಾಂತವಾದ ಮೇಲೂ ಇಳಿಯದಿದ್ದರೆ ಅದನ್ನು ನೋವು ಅಥವಾ ಎದೆಯೊಳಗಿನ ಪೆಟ್ಟಿನ ಸೂಚನೆಯೆಂದು ತಿಳಿಯಬೇಕು. ಆಮೇಲೆ ಮುಖವನ್ನು ಗಮನಿಸಿ. ನೋವಿರುವ ಮೊಲ ಕಣ್ಣುಗಳನ್ನು ಅರ್ಧ ಮುಚ್ಚಿರುತ್ತದೆ, ಕೆನ್ನೆಗಳು ತಮ್ಮ ದುಂಡು ಕಳೆದುಕೊಂಡು ಚಪ್ಪಟೆಯಾಗುತ್ತವೆ, ಮೀಸೆ ಬಿಗಿಯುತ್ತದೆ, ಕಿವಿಗಳು ಹಿಂದಕ್ಕೆ ಸರಿದು ಒಳಮುಖವಾಗಿ ಸುರುಳಿಯಾಗುತ್ತವೆ. ಇವೇ ಲಕ್ಷಣಗಳನ್ನು ಒಟ್ಟುಗೂಡಿಸಿ ಸಂಶೋಧಕರು 2012ರಲ್ಲಿ ಮೊಲದ ನೋವನ್ನು ಮುಖ ನೋಡಿ ಅಳೆಯುವ ಒಂದು ಮಾಪಕವನ್ನು ಪ್ರಕಟಿಸಿದ್ದಾರೆ. ಬೆನ್ನು ಗೂನಿಸಿಕೊಂಡು, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕೇಳಿಸುವಷ್ಟು ಜೋರಾಗಿ ಹಲ್ಲು ಕಡಿಯುತ್ತಿದ್ದರೆ ನೋವಿದೆ ಎಂಬುದರಲ್ಲಿ ಸಂದೇಹವಿಲ್ಲ. ತಲೆ ನೇವರಿಸುವಾಗ ಮೆಲ್ಲಗೆ ಕೇಳಿಬರುವ ಹಲ್ಲಿನ ಸದ್ದು ಬೇರೆ, ಅದು ಸುಖದ್ದು.

ನಡಿಗೆಯನ್ನು ನೋಡುವಾಗ ಮೊಲ ತಾನಾಗಿ ಓಡಾಡುವವರೆಗೂ ಕಾಯಬೇಕು. ಒಂದು ಕಾಲನ್ನು ಎತ್ತಿ ಹಿಡಿದಿದೆಯೇ, ಕುಪ್ಪಳಿಸುವಾಗ ಹಿಂಭಾಗ ಒಂದು ಕಡೆಗೆ ಜಾರುತ್ತಿದೆಯೇ, ಕಿವಿ ಕೆರೆದುಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಿದೆಯೇ, ಬಾಲದ ಕೆಳಗೆ ಮೂತ್ರದಿಂದ ಒದ್ದೆಯಾಗಿದೆಯೇ ಎಂಬ ಸಣ್ಣ ಸಂಗತಿಗಳು ಬೆನ್ನಿನ ಪೆಟ್ಟನ್ನು ಬೇಗ ತಿಳಿಸುತ್ತವೆ. ಮುಖ ನೆಲಕ್ಕೆ ಬಡಿದಿದ್ದರೆ ಮುಂದಿನ ಹಲ್ಲುಗಳನ್ನೂ ಕಣ್ಣುಗಳನ್ನೂ ನೋಡಬೇಕು. ಕಣ್ಣು ಮುಚ್ಚಿಯೇ ಇದ್ದರೆ ಅಥವಾ ನೀರು ಸುರಿಯುತ್ತಿದ್ದರೆ ಅದೇ ದಿನದ ಚಿಕಿತ್ಸೆ ಬೇಕು.

ಇಷ್ಟೆಲ್ಲ ನೋಡಿದರೂ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಂಬಬೇಕಾದದ್ದು ಮೇವು ಮತ್ತು ಹಿಕ್ಕೆಯನ್ನು. ಮೊಲದ ಕರುಳು ಬಿಡುವಿಲ್ಲದೆ ಚಲಿಸುತ್ತಿರಬೇಕಾದ ಅಂಗ. ನೋವು ಅಥವಾ ಹೆದರಿಕೆಯಿಂದ ಅದು ತಿನ್ನುವುದನ್ನು ಬಿಟ್ಟರೆ ಕರುಳಿನ ಚಲನೆ ನಿಧಾನವಾಗಿ, ಒಳಗೆ ಅನಿಲ ಸೇರಿ, ಅದರ ನೋವಿನಿಂದ ಇನ್ನಷ್ಟು ತಿನ್ನದಂತಾಗಿ, ಮೂಲ ಪೆಟ್ಟು ಚಿಕ್ಕದಾಗಿದ್ದರೂ ಪ್ರಾಣಕ್ಕೇ ಕುತ್ತು ಬರುತ್ತದೆ. ಪೆಟ್ಟಾದ ಕೂಡಲೇ ನೆಲವನ್ನು ಗುಡಿಸಿ, ಹಳೆಯ ಹಿಕ್ಕೆ ತೆಗೆದು, ಗಂಟೆ ಬರೆದಿಟ್ಟುಕೊಂಡರೆ ಹೊಸದಾಗಿ ಎಷ್ಟು ಬಿದ್ದಿದೆ ಎಂಬುದು ತಪ್ಪಿಲ್ಲದೆ ತಿಳಿಯುತ್ತದೆ. ಮೊದಲ ಒಂದೆರಡು ಗಂಟೆ ಬೆದರಿ ತಿನ್ನದಿರಬಹುದು. ಆ ಬಳಿಕವೂ ಅತಿ ಇಷ್ಟದ ಸೊಪ್ಪನ್ನು ಮೂಗಿನ ಬಳಿ ಹಿಡಿದಾಗ ಮುಖ ತಿರುಗಿಸಿದರೆ ವೈದ್ಯರಿಗೆ ತಿಳಿಸಬೇಕು. ತಿನ್ನದೆ ಅಥವಾ ಹಿಕ್ಕೆ ಹಾಕದೆ 12 ಗಂಟೆ ಕಳೆಯುವುದಕ್ಕೆ ಯಾವ ಕಾರಣಕ್ಕೂ ಬಿಡಬಾರದು. ಹಿಕ್ಕೆ ಸಣ್ಣದಾಗುತ್ತ, ಒಣಗುತ್ತ, ಆಕಾರಗೆಡುತ್ತ ಹೋಗುವುದೂ ಎಚ್ಚರಿಕೆಯೇ. ಮೂತ್ರ ಕೆಂಪಾಗಿರುವುದೊಂದೇ ಕಂಡರೆ ಕೂಡಲೇ ರಕ್ತವೆಂದು ತೀರ್ಮಾನಿಸಬೇಕಿಲ್ಲ, ಮೊಲದ ಮೂತ್ರ ಸಸ್ಯಗಳ ಬಣ್ಣದಿಂದಲೂ ಕಿತ್ತಳೆಯಾಗಿ ಅಥವಾ ಕೆಂಪಾಗಿ ಕಾಣುವುದುಂಟು. ಬೀಳುವಾಗ ಹೊಟ್ಟೆಗೆ ಪೆಟ್ಟಾಗಿದ್ದರೆ ಮಾತ್ರ ಅದನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ. ಉಳಿದಿರುವ ಆ್ಯಂಟಿಬಯಾಟಿಕ್‌ ಅಂತೂ ಬೇಡವೇ ಬೇಡ, ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್‌ನಂಥ ಔಷಧಗಳು ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳನ್ನು ಕೊಂದು ಮೊಲವನ್ನೇ ಬಲಿ ತೆಗೆದುಕೊಳ್ಳಬಲ್ಲವು. ಮುರಿದಂತೆ ತೋರುವ ಕಾಲಿಗೆ ಕಡ್ಡಿ ಕಟ್ಟಲು ಹೋಗಬೇಡಿ. ಮೊಲ ಅದರೊಡನೆ ಹೋರಾಡುತ್ತ ಮುರಿತವನ್ನು ಹೆಚ್ಚಿಸಿಕೊಳ್ಳುತ್ತದೆ. ಬೆನ್ನ ಮೇಲೆ ಮಲಗಿಸಿದಾಗ ಅದು ಅಲುಗಾಡದೆ ಇರುವುದನ್ನು ಕಂಡು ಹಿತವೆನಿಸಿದೆ ಎಂದು ಹಲವರು ಭಾವಿಸುತ್ತಾರೆ, ಆದರೆ ಅದು ಭಯದಿಂದ ಮರಗಟ್ಟಿದ ಸ್ಥಿತಿ. ಹೊಟ್ಟೆ ಉಬ್ಬಿ ಬಿಗಿದಿರುವಾಗ ಸಿರಿಂಜಿನಿಂದ ಬಲವಂತವಾಗಿ ಆಹಾರ ತುಂಬುವುದೂ ಅಪಾಯವೇ.

ಕರೆದೊಯ್ಯುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು, ಟವೆಲಿನಲ್ಲಿ ಸುತ್ತಿ ಮೈಗೆ ಆನಿಸಿಕೊಂಡು ಎತ್ತಬೇಕು. ಬೆನ್ನಿಗೆ ಪೆಟ್ಟಾಗಿರುವ ಸಂಶಯವಿದ್ದರೆ ಎತ್ತುವ ಬದಲು ಗಟ್ಟಿ ಹಲಗೆಯ ಮೇಲೆ ಮೆಲ್ಲಗೆ ಸರಿಸಿ, ಅದರೊಂದಿಗೇ ಪೆಟ್ಟಿಗೆಗೆ ಇಡುವುದು ಕ್ಷೇಮ. ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ಸುತ್ತ ಸುರುಳಿ ಮಾಡಿದ ಬಟ್ಟೆಯಿಟ್ಟು, ಗಾಳಿಯಾಡುವಂತೆ ಮೇಲೊಂದು ತೆಳುಬಟ್ಟೆ ಹೊದಿಸಿದರೆ ಅದು ಸಮಾಧಾನವಾಗಿರುತ್ತದೆ. ಜೊತೆಯ ಮೊಲವಿದ್ದರೆ ಅದನ್ನೂ ಕರೆದೊಯ್ಯುವುದು ಲೇಸು, ಇಲ್ಲವಾದರೆ ಆಸ್ಪತ್ರೆಯ ವಾಸನೆ ಹೊತ್ತು ಮರಳಿದ ಸಂಗಾತಿಯನ್ನು ಮನೆಯಲ್ಲಿದ್ದದ್ದು ಗುರುತಿಸದೆ ಜಗಳಕ್ಕೆ ಬೀಳಬಹುದು. ಮೊಲಗಳಿಗೆ ಚಿಕಿತ್ಸೆ ನೀಡಿ ಅನುಭವವಿರುವ ವೈದ್ಯರನ್ನು ಕೇಳಿ ಆರಿಸಿಕೊಳ್ಳಿ. ಮೊಲಕ್ಕೆ ವಾಂತಿ ಮಾಡಲು ಸಾಧ್ಯವಿಲ್ಲದ ಕಾರಣ ಅರಿವಳಿಕೆಗೆ ಮುಂಚೆಯೂ ಅದನ್ನು ನಾಯಿ-ಬೆಕ್ಕುಗಳಂತೆ ಉಪವಾಸ ಇಡುವುದಿಲ್ಲ. ಆದ್ದರಿಂದ ದಾರಿಯಲ್ಲೂ ಮುಂದೆ ಹುಲ್ಲು ಇರಲಿ. ಪೆಟ್ಟು ಹೇಗಾಯಿತು, ಎಷ್ಟು ಎತ್ತರದಿಂದ, ಯಾವ ಗಂಟೆಗೆ, ಕೊನೆಯ ಬಾರಿ ತಿಂದದ್ದು ಮತ್ತು ಹಿಕ್ಕೆ ಹಾಕಿದ್ದು ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಕುಂಟುವ ನಡಿಗೆಯ ವಿಡಿಯೋ ಇದ್ದರೆ ತೋರಿಸಿ. ಹೊಸ ಜಾಗದಲ್ಲಿ ಬೆದರಿದ ಮೊಲ ಮನೆಯಲ್ಲಿ ಕುಂಟಿದಂತೆ ಅಲ್ಲಿ ಕುಂಟದೇ ಹೋಗಬಹುದು.

ಏನೂ ಆಗಿಲ್ಲವೆಂದು ವೈದ್ಯರು ಹೇಳಿ ಕಳಿಸಿದರೂ ಕೆಲವು ದಿನ ಅದನ್ನು ಎತ್ತರಕ್ಕೆ ಹಾರಲಾಗದ ಸಣ್ಣ ಆವರಣದಲ್ಲಿಟ್ಟು, ಬೆಳಿಗ್ಗೆ ಸಂಜೆ ಮೈಮೇಲೆ ಮೃದುವಾಗಿ ಕೈಯಾಡಿಸಿ ಗಂಟು ಅಥವಾ ಬಾವು ಎದ್ದಿದೆಯೇ ನೋಡುತ್ತಿರಬೇಕು. ತೆರೆದ ಗಾಯವಿದ್ದರೆ ಅಥವಾ ನೋವಿನಿಂದ ಹಿಂಭಾಗವನ್ನು ಶುಚಿಮಾಡಿಕೊಳ್ಳಲಾಗದೆ ಅಲ್ಲಿ ಹೊಲಸು ಅಂಟಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು: ನೊಣಗಳು ಅಲ್ಲಿಟ್ಟ ಮೊಟ್ಟೆ ಒಂದೇ ದಿನದೊಳಗೆ ಹುಳುಗಳಾಗಿ ಮಾಂಸವನ್ನು ತಿನ್ನತೊಡಗುತ್ತವೆ. ಆ ಭಾಗವನ್ನು ದಿನಕ್ಕೆ ಎರಡು ಬಾರಿಯಾದರೂ ಬೆಳಕಿನಲ್ಲಿ ಪರೀಕ್ಷಿಸಿ, ಒದ್ದೆಯಾದ ಹಾಸನ್ನು ಆಗಿಂದಾಗ್ಗೆ ಬದಲಿಸಿ, ಗಾಯದಲ್ಲಿ ಒಂದೇ ಒಂದು ಹುಳು ಕಂಡರೂ ಗಂಟೆ ಎಷ್ಟೇ ಆಗಿರಲಿ ವೈದ್ಯರಿಗೆ ಫೋನ್ ಮಾಡಿ.