‘ಬನ್ನಿ ಅಕ್ಕಾ, ಎಷ್ಟಕ್ಕೆ ಬೇಕು ಹೇಳಿ’: ಟಿವಿಗೊಂದು ಬೆಲೆ ಆಟ ಕಟ್ಟುವುದು ಹೇಗೆ?

ಟಿವಿಗೆ ಒಂದು ಬೆಲೆ ಊಹಿಸುವ ಆಟ ಬರೆದಿದ್ದೀನಿ, ನೋಡಿ ಸಾರ್ ಅಂತ ಬರುವವರಲ್ಲಿ ಮುಕ್ಕಾಲು ಪಾಲು ಜನ ಚಕ್ರ ತರುತ್ತಾರೆ. ಬಣ್ಣದ ಚಕ್ರ, ಸುತ್ತ ಲೈಟು. ಆ್ಯಂಕರ್ ಯಾವ ಕಡೆಯಿಂದ ಬರಬೇಕು ಅನ್ನುವುದನ್ನೂ ಬರೆದಿರುತ್ತಾರೆ. ಸ್ಪರ್ಧಿ ಏನು ಯೋಚನೆ ಮಾಡಬೇಕು ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಕಾರ್ಯಕ್ರಮಗಳಿಗೆ ಆಟ ಬರೆದುಕೊಡುವುದೇ ನನ್ನ ಕೆಲಸ. ನಾನೂ ಮೊದಲು ಬರೆದದ್ದು ಚಕ್ರವೇ. ಅಗ್ಗದ ಚಕ್ರ ಮಾಡಿಸಿದ್ದೆವು, ಒಂದು ಕಡೆ ಭಾರ ಜಾಸ್ತಿ. ಯಾರು ತಿರುಗಿಸಿದರೂ ಮಿಕ್ಸಿ ಬಹುಮಾನದ ಹತ್ತಿರವೇ ನಿಲ್ಲುತ್ತಿತ್ತು.

ಈಚೆಗೆ ಕಟ್ಟಿದ ಒಂದು ಆಟವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಒಂದೇ ವಾಕ್ಯ

ಆಟವನ್ನು ಒಂದು ವಾಕ್ಯದಲ್ಲಿ ಹೇಳಲು ಬರಬೇಕು. ಬಾರದಿದ್ದರೆ ಅಲ್ಲಿಗೇ ಬಿಡಿ. ಅಮೆರಿಕದ ‘ದಿ ಪ್ರೈಸ್ ಈಸ್ ರೈಟ್’ 1956ರಲ್ಲಿ ಶುರುವಾದ ಕಾರ್ಯಕ್ರಮ. ಈಗ ಬರುತ್ತಿರುವ ರೂಪ 1972ರದ್ದು. ಅದರಲ್ಲಿ 1976ರಿಂದ ಬೆಟ್ಟ ಹತ್ತುವ ಬೊಂಬೆಯ ಆಟವೊಂದಿದೆ. ನೀವು ಹೇಳಿದ ಬೆಲೆ ಎಷ್ಟು ಡಾಲರ್ ತಪ್ಪೋ, ಬೊಂಬೆ ಅಷ್ಟು ಮೆಟ್ಟಿಲು ಹತ್ತುತ್ತದೆ. ಮೂರು ಸಾಮಾನಿಗೂ ಸೇರಿ 25 ದಾಟಿದರೆ ಆಚೆ ಕಡೆ ಬೀಳುತ್ತದೆ. ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜಿಗೂ ಅರ್ಥವಾಗುತ್ತದೆ, ಅಲ್ವಾ?

ನನ್ನ ವಾಕ್ಯ ಸಿಕ್ಕಿದ್ದು ಚಿಕ್ಕಪೇಟೆಯಲ್ಲಿ. ಅಂಗಡಿಯವನು ಒಂದು ಬೆಲೆ ಹೇಳುತ್ತಾನೆ. ನೀವು ‘ಬೇಡ ಬಿಡಿ’ ಅಂತ ಹೊರಟುಬಿಡುತ್ತೀರಿ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗು ಬರುತ್ತದೆ. ಇಷ್ಟೇ ಆಟ: ಅಂಗಡಿಯಿಂದ ಹೊರಗೆ ನಡೀತಾ ಹೋಗಿ, ಬೆಲೆ ಇಳೀತಾ ಬರುತ್ತೆ, ಸರಿಯಾದ ಹೊತ್ತಿಗೆ ತಿರುಗಿ.

ನಿಯಮ ಹೀಗೆ. ನೆಲದ ಮೇಲೆ ಕುಂಟೆಬಿಲ್ಲೆಯ ಹಾಗೆ ಸಾಲಾಗಿ ಏಳು ಮನೆ. ಒಂದೊಂದು ಮನೆಗೂ ಬೆಲೆ 10 ರೂಪಾಯಿ ಇಳಿಯುತ್ತದೆ. ಗ್ಯಾಸ್ ಲೈಟರಿನ ನಿಜವಾದ ಬೆಲೆ 210 ಅಂದುಕೊಳ್ಳಿ. ಆ್ಯಂಕರ್ 260 ಹೇಳುತ್ತಾರೆ. ಐದನೇ ಮನೆಯಲ್ಲಿ ತಿರುಗಿದರೆ ಸರಿಯಾದ ಬೆಲೆ. ಮೂರನೇ ಮನೆಯಲ್ಲೇ ತಿರುಗಿದರೆ 20 ರೂಪಾಯಿ ಜಾಸ್ತಿ ಕೊಟ್ಟ ಹಾಗೆ, ಅದು ಆಟದ ಶುರುವಿಗೆ ಸ್ಪರ್ಧಿಗೆ ಕೊಟ್ಟ ಚೀಲದ ಚಿಲ್ಲರೆಯಿಂದ ಕಳೆದುಹೋಗುತ್ತದೆ. ಆರನೇ ಮನೆಗೆ ಕಾಲಿಟ್ಟರೆ ಅಂಗಡಿಯ ಶಟರ್ ದಡಾರಂತ ಬೀಳುತ್ತದೆ, ಆಟ ಮುಗಿಯಿತು. ಮೂರು ಸಾಮಾನು ಕೊಂಡು, ಚಿಲ್ಲರೆ ಸಾಲದೆ ಹೋಗದಿದ್ದರೆ ದೊಡ್ಡ ಬಹುಮಾನ.

ಸಾಮಾನು ಆರಿಸುವುದು

ಹೂವು, ಟೊಮೆಟೊ, ಚಿನ್ನ ಬೇಡವೇ ಬೇಡ. ಶೂಟಿಂಗ್ ದಿನದ ಬೆಲೆ ಪ್ರಸಾರದ ದಿನ ಇರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಮಲ್ಲಿಗೆ ಮೊಳ ಎಷ್ಟು ಅಂತ ಕೇಳಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಅಲ್ಲದೆ ಮೊಳ ಯಾರ ಕೈಯದ್ದು ಅನ್ನುವ ಜಗಳ ಬೇರೆ. 5 ರೂಪಾಯಿ, 10 ರೂಪಾಯಿಯ ಬಿಸ್ಕತ್ತು ಪೊಟ್ಟಣವೂ ಬೇಡ. ಕಂಪನಿಗಳು ಅದರಲ್ಲಿ ಸಾಮಾನ್ಯವಾಗಿ ತೂಕ ಇಳಿಸುತ್ತವೆಯೇ ಹೊರತು ಬೆಲೆ ಮುಟ್ಟುವುದಿಲ್ಲ. ಊಹಿಸುವುದಕ್ಕೆ ಏನೂ ಇಲ್ಲ.

ಪ್ಯಾಕೆಟ್ ಮೇಲೆ ಅಚ್ಚಾದ ಎಂಆರ್‌ಪಿಯನ್ನೇ ನಿಜವಾದ ಬೆಲೆ ಅಂತ ಇಟ್ಟುಕೊಳ್ಳಿ. ಒಂದೇ ಡಬ್ಬಿ ಬೀದಿ ಕೊನೆಯ ಅಂಗಡಿಯಲ್ಲಿ ಒಂದು ಬೆಲೆ, ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ನಲ್ಲಿ ಇನ್ನೊಂದು. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಜಾಸ್ತಿಗೆ ಮಾರುವ ಹಾಗಿಲ್ಲ. (ನಮ್ಮ ಆಟದ ಅಂಗಡಿಯವನು ಜಾಸ್ತಿ ಹೇಳುತ್ತಾನಲ್ಲ ಅಂದರೆ, ಹೌದು, ಅವನು ಕಳ್ಳ. ಅದಕ್ಕೇ ಅವನ ಹತ್ತಿರ ಚೌಕಾಸಿ.) ಬೆಲೆಯ ಜೊತೆ ಪರದೆ ಮೇಲೆ ತಾರೀಕು ಹಾಕಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಸೋಪು, ಶಾಂಪೂ, ಟೂತ್‌ಪೇಸ್ಟ್ ಎಲ್ಲದರ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಹಳೇ ಬೆಲೆ ಇಟ್ಟುಕೊಂಡು ಶೂಟ್ ಮಾಡಿದ್ದವರ ಪಾಡು ಯೋಚಿಸಿ.

ಒಂದು ಸಾಮಾನು ಆಟಕ್ಕೆ ಆಗುತ್ತದೋ ಇಲ್ಲವೋ ನೋಡಲು ಇಪ್ಪತ್ತು ಜನರನ್ನು ಬೆಲೆ ಕೇಳಿ. ಎಲ್ಲರೂ ಹೆಚ್ಚುಕಡಿಮೆ ಒಂದೇ ಹೇಳಿದರೆ ತೆಗೆದುಹಾಕಿ. ಒಬ್ಬರು 80, ಇನ್ನೊಬ್ಬರು 600 ಅಂದರೂ ತೆಗೆದುಹಾಕಿ. ಉತ್ತರಗಳು 60, 70 ರೂಪಾಯಿಯ ಅಂತರದಲ್ಲಿ ಹರಡಿಕೊಂಡಿರಬೇಕು. ನನ್ನ ಅನುಭವದಲ್ಲಿ 150ರಿಂದ 400 ರೂಪಾಯಿಯ ಸಾಮಾನು ಚೆನ್ನಾಗಿ ಕೂರುತ್ತದೆ. ಕುಕ್ಕರ್ ಗ್ಯಾಸ್ಕೆಟ್, ಮಾಪಿನ ರೀಫಿಲ್, ಊಟದ ಡಬ್ಬಿ. ದಿನಾ ಕಣ್ಣಿಗೆ ಬೀಳುವ, ಆದರೆ ಯಾರೂ ಬೆಲೆ ಓದದ ವಸ್ತುಗಳು.

ಒಂದು ಸಾಮಾನನ್ನು ಎರಡನೇ ಸಲ ತರಬೇಡಿ. 2008ರಲ್ಲಿ ಅದೇ ಅಮೆರಿಕದ ಕಾರ್ಯಕ್ರಮದಲ್ಲಿ ಒಬ್ಬ ಸ್ಪರ್ಧಿ ಕೊನೆಯ ಸುತ್ತಿನ ಬಹುಮಾನಗಳ ಒಟ್ಟು ಬೆಲೆ 23,743 ಡಾಲರ್ ಅಂತ ಒಂದು ಡಾಲರೂ ತಪ್ಪದೆ ಹೇಳಿಬಿಟ್ಟ. ಅಲ್ಲಿ ಕೆಲವು ಬಹುಮಾನಗಳು ಮತ್ತೆ ಮತ್ತೆ ಬರುತ್ತಿದ್ದವು. ಮನೆಯಲ್ಲಿ ಕೂತು ನೋಡುವವರು ಬೆಲೆ ಬರೆದಿಟ್ಟುಕೊಳ್ಳುತ್ತಿದ್ದರು.

ಎಲ್ಲರೂ ಎಡವುವ ಜಾಗ

ಚೀಲದಲ್ಲಿ ಎಷ್ಟು ಚಿಲ್ಲರೆ ಇಡಬೇಕು? ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 100 ಅನ್ನುವುದು ಕೇಳಲು ಚೆನ್ನಾಗಿದೆ ಅಂತ ನಾನೂ ಮೊದಲು 100 ಇಟ್ಟಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ರಂಗೋಲಿ ಪುಡಿಯಲ್ಲಿ ಏಳು ಮನೆ ಬರೆದು ಆಡಿಸಿದೆ. ಪಕ್ಕದ ಮನೆಯ ಹುಡುಗಿ, ಆರನೇ ಕ್ಲಾಸು, ಜೀವಮಾನದಲ್ಲಿ ಒಂದು ಗ್ಯಾಸ್ಕೆಟ್ ಕೊಂಡವಳಲ್ಲ. ಮೂರು ಸಲವೂ ಒಂದೇ ಒಂದು ಹೆಜ್ಜೆ ಇಟ್ಟಳು, ತಿರುಗಿದಳು, ಗೆದ್ದಳು. ‘ಅಂಕಲ್, ಮೊದಲನೇ ಮನೇಲಿ ಶಟರ್ ಬೀಳೋದೇ ಇಲ್ಲವಲ್ಲ’ ಅಂದಳು.

ರಾತ್ರಿ ಕೂತು ಲೆಕ್ಕ ಹಾಕಿದೆ. ನಿಜವಾದ ಬೆಲೆ ಏಳು ಮನೆಯಲ್ಲಿ ಯಾವುದರಲ್ಲಾದರೂ ಇರಬಹುದು. ಮೂರು ಸಾಮಾನಿಗೆ 7×7×7, ಅಂದರೆ 343 ಬಗೆ. ಸುಮ್ನೆ ಒಂದೊಂದೇ ಹೆಜ್ಜೆ ಇಟ್ಟು ತಿರುಗುವವರಿಗೆ 100 ರೂಪಾಯಿ ಚಿಲ್ಲರೆ ಕೊಟ್ಟರೆ 343ರಲ್ಲಿ 226 ಸಲ ಗೆಲುವು. ಮೂರರಲ್ಲಿ ಎರಡು ಸಲ! ಬೆಲೆಯೇ ಗೊತ್ತಿರಬೇಕಾಗಿಲ್ಲ. ಅದು ಬೆಲೆ ಆಟ ಹೇಗಾಗುತ್ತದೆ?

ಚಿಲ್ಲರೆಯನ್ನು 50ಕ್ಕೆ ಇಳಿಸಿದೆ. ಈಗ ಅದೇ ಉಪಾಯಕ್ಕೆ 343ರಲ್ಲಿ 56 ಸಲ, ಹೆಚ್ಚುಕಡಿಮೆ ಆರಕ್ಕೊಂದು. ಯಾವಾಗಲೂ ಎರಡೇ ಹೆಜ್ಜೆ ಅಂದರೂ 56. ಮೂರು ಹೆಜ್ಜೆಗೆ 53, ನಾಲ್ಕಕ್ಕೆ 44. ಕಣ್ಣು ಮುಚ್ಚಿ ಆಡುವವರಿಗೆ ಯಾವ ದಾರಿಯಲ್ಲೂ ಲಾಭ ಇಲ್ಲ. ಆದರೆ ಮನೆಗೆ ಸಾಮಾನು ತರುವವರು ಇದೇ 50 ರೂಪಾಯಿಯಲ್ಲಿ ಸಲೀಸಾಗಿ ದಾಟಿದರು. ಮೂರನೇ ಮಹಡಿಯ ಆಂಟಿ ಮೂರು ಸಾಮಾನು ಕೊಂಡು 30 ರೂಪಾಯಿ ಉಳಿಸಿಕೊಂಡರು. ಆಟ ಕೂತಿತು ಅಂತ ಗೊತ್ತಾಗುವುದು ಹೀಗೆ. ಗೊತ್ತಿಲ್ಲದವರು ಆಗೊಮ್ಮೆ ಈಗೊಮ್ಮೆ ಗೆಲ್ಲಬೇಕು, ಗೊತ್ತಿರುವವರು ಜಾಸ್ತಿ ಸಲ ಗೆಲ್ಲಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ನಿಜವಾದ ಬೆಲೆ ಎಷ್ಟನೇ ಮನೆಯಲ್ಲಿರಬೇಕು ಅಂತ ನೀವೇ ಕೈಯಿಂದ ಹಾಕಲು ಹೋದರೆ ಕೆಟ್ಟಿರಿ. ಒಂದು ಹಾಕಿದರೆ ತೀರಾ ಬೇಗ, ಏಳು ಹಾಕಿದರೆ ತೀರಾ ತಡ ಅನ್ನಿಸಿ ಕೈ ತಾನಾಗೇ 3, 4, 5ಕ್ಕೆ ಹೋಗುತ್ತದೆ. ಈ ಮೂರರಲ್ಲೇ ಸುತ್ತುತ್ತೀರಿ ಅಂತ ವೀಕ್ಷಕರಿಗೆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಆಮೇಲೆ ಎಲ್ಲರೂ ಮೂರನೇ ಮನೆಯಲ್ಲಿ ತಿರುಗುತ್ತಾರೆ, 27 ಸಲದಲ್ಲಿ 26 ಸಲ ಗೆಲ್ಲುತ್ತಾರೆ. ಒಂದರಿಂದ ಏಳರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ, ಎತ್ತಿ. ನಾಲ್ಕು ಬಂದರೆ ನಿಜವಾದ ಬೆಲೆಗೆ 40 ಸೇರಿಸಿ ಆ್ಯಂಕರ್‌ಗೆ ಕೊಡಿ. ಒಂದು ಬಂದರೆ ಒಂದೇ. ‘ಇದು ಬೇಡ, ಇನ್ನೊಂದು ಎತ್ತೋಣ’ ಅನ್ನುವ ನಿರ್ಮಾಪಕರನ್ನು ಆ ಹೊತ್ತಿಗೆ ಟೀ ಕುಡಿಯಲು ಕಳಿಸಿ.

ಹೆಜ್ಜೆಗೆ 10 ರೂಪಾಯಿಯೇ ಯಾಕೆ, 7 ಇಟ್ಟರೆ ಕಷ್ಟವಾಗಿ ಮಜಾ ಬರುವುದಿಲ್ಲವೇ ಅಂತ ಒಬ್ಬರು ಕೇಳಿದರು. ಇಟ್ಟು ನೋಡಿ. 227, 220, 213, 206, 199. ಎಂಆರ್‌ಪಿಗಳು ಸಾಮಾನ್ಯವಾಗಿ 0, 5, 9ರಲ್ಲಿ ಮುಗಿಯುತ್ತವೆ. 199 ಕಂಡ ಕೂಡಲೇ ಯಾರಾದರೂ ತಿರುಗುತ್ತಾರೆ. ಹತ್ತರಲ್ಲಿ ಇಳಿಸಿದರೆ ಎಲ್ಲ ಮನೆಯ ಕೊನೆಯ ಅಂಕಿಯೂ ಒಂದೇ. 239, 229, 219. ಗುಟ್ಟು ಸೋರುವುದಿಲ್ಲ.

ಉಳಿದದ್ದು

ಸೆಟ್ಟು ಆರ್ಟ್ ಡೈರೆಕ್ಟರ್ ಕೆಲಸ, ಅವರಿಗೆ ಬಿಡಿ. ನೆಲದ ಮನೆಗಳಿಗೆ ಮಾತ್ರ ಹೊಳೆಯುವ ವಿನೈಲ್ ಸ್ಟಿಕ್ಕರ್ ಹಾಕಲು ಬಿಡಬೇಡಿ. ಲೈಟಿಗೆ ಮಿಂಚುತ್ತದೆ, ಅಂಚು ಏಳುತ್ತದೆ, ರೇಷ್ಮೆ ಸೀರೆಯವರ ಕಾಲಿಗೆ ತೊಡರುತ್ತದೆ. ಬಣ್ಣ ಬಳಿಸಿ. ಶಟರ್ ಕಬ್ಬಿಣದ್ದೇ ಆಗಬೇಕು. ಥರ್ಮೋಕೋಲಿನ ಶಟರಿಗೆ ಸ್ಪೀಕರಿನಲ್ಲಿ ದಡಾರ್ ಸದ್ದು ಹಾಕಿದರೆ ಬಿದ್ದ ಮೇಲೆ ಸದ್ದು ಬರುತ್ತದೆ.

ಬಹುಮಾನದ ಕಾಗದ ಮೊದಲೇ ಓದಿ ಹೇಳಿ. ಗೆದ್ದದ್ದರ ಮೇಲೆ ಶೇ 30ರಷ್ಟು ತೆರಿಗೆ ಇದೆ. ನಗದಾದರೆ ಹಿಡಿದುಕೊಂಡು ಕೊಡುತ್ತಾರೆ. ಸ್ಕೂಟರ್ ಗೆದ್ದರೆ ಅದನ್ನು ಕೈಗೆ ಕೊಡುವ ಮೊದಲೇ ತೆರಿಗೆ ಕಟ್ಟಿರಬೇಕು, ಗೆದ್ದವರು ಕಟ್ಟುತ್ತಾರೋ ಚಾನೆಲ್ ಕಟ್ಟುತ್ತದೋ ಅನ್ನುವುದು ಬರವಣಿಗೆಯಲ್ಲಿರಲಿ. ವೇದಿಕೆ ಮೇಲೆ ಕುಣಿದಾದ ಮೇಲೆ ಈ ಮಾತು ಕೇಳಿ ಮುಖ ಬಾಡಿದವರನ್ನು ನೋಡಿದ್ದೇನೆ.

ಆ್ಯಂಕರ್‌ಗೆ ನಿಜವಾದ ಬೆಲೆ ಗೊತ್ತಿರಬಾರದು. ಎಷ್ಟೇ ಪಳಗಿದವರಾದರೂ ಆ ಮನೆ ಹತ್ತಿರ ಬಂದಾಗ ದನಿ ಬದಲಾಗುತ್ತದೆ. ಬೆಲೆ ಬರೆದ ಲಕೋಟೆಯನ್ನು ಸ್ಪರ್ಧಿ ತಿರುಗಿದ ಮೇಲೆ ಕೊಡಿ. ಶಟರ್ ಸ್ವಿಚ್ ಒತ್ತುವ ಹುಡುಗನಿಗೆ ಬೆಲೆ ಗೊತ್ತಿರಲೇಬೇಕು, ಹಾಗಾಗಿ ಅವನನ್ನು ಪರದೆಯ ಹಿಂದೆ ಕೂರಿಸಿ. ನಮ್ಮ ಮೊದಲ ರಿಹರ್ಸಲ್‌ನಲ್ಲಿ ಅವನು ಎದುರಿಗೇ ಇದ್ದ. ಒತ್ತುವ ಹೊತ್ತು ಬಂತು ಅಂದರೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅದನ್ನು ನೋಡಿಕೊಂಡೇ ಮೂರು ಜನ ಸರಿಯಾದ ಮನೆಯಲ್ಲಿ ತಿರುಗಿದರು.