ಅಂತೋನಿಯೊ ಮೊರೆನೊ ಚಿತ್ರಪಟ್ಟಿ: ವಾರದ ಲೆಕ್ಕ ಕೊನೆಗೂ ಕೈಹಿಡಿಯಿತು

ಟಾಕಿ ಬಂತು, ಉಚ್ಚಾರಣೆ ಕೈಕೊಟ್ಟಿತು, ಮೊರೆನೊ ನಾಯಕನಟನಾಗಿ ಮುಗಿದ. ಸ್ಪೇನಿನಲ್ಲಿ ಹುಟ್ಟಿ ಹಾಲಿವುಡ್ ಮೂಕಿಚಿತ್ರಗಳ ನಾಯಕನಾದ ಅಂತೋನಿಯೊ ಮೊರೆನೊ ಬಗ್ಗೆ ಎಲ್ಲಿ ಓದಿದರೂ ಇದೇ ಮಾತು ಸಿಗುತ್ತೆ. ಹಳೆ ಪತ್ರಿಕೆಗಳಿಂದ ಅವನ ಕೆಲಸವನ್ನೆಲ್ಲ ಸೇರಿಸಿಟ್ಟ ನನ್ನ ಶೀಟಿನಲ್ಲಿ 1930 ತೆರೆದರೆ ಐದು ಸ್ಪ್ಯಾನಿಷ್ ಟಾಕಿಗಳು, ಅದೂ ನಾಲ್ಕು ಸ್ಟುಡಿಯೊಗಳಲ್ಲಿ. ಆಗ ಹಾಲಿವುಡ್ ಇಂಗ್ಲಿಷ್ ಚಿತ್ರವನ್ನೇ ಸ್ಪ್ಯಾನಿಷಿನಲ್ಲೂ ಬೇರೆಯಾಗಿ ಚಿತ್ರೀಕರಿಸುತ್ತಿತ್ತು. ಪ್ಯಾರಾಮೌಂಟಿಗೆ ‘ಎಲ್ ಕುಎರ್ಪೊ ದೆಲ್ ದೆಲಿತೊ’, ಫಾಕ್ಸ್‌ಗೆ ‘ಎಲ್ ಪ್ರೆಸಿಯೊ ದೆ ಉನ್ ಬೆಸೊ’, ವಾರ್ನರ್-ಫಸ್ಟ್ ನ್ಯಾಷನಲ್ ಬಳಗಕ್ಕೆ ‘ಲೋಸ್ ಕೆ ದಾನ್ಸಾನ್’ ಮತ್ತು ‘ಎಲ್ ಓಂಬ್ರೆ ಮಾಲೊ’, ಯೂನಿವರ್ಸಲ್‌ಗೆ ‘ಲಾ ವೊಲುಂತಾದ್ ದೆಲ್ ಮುಎರ್ತೊ’. ಮುಗಿದವನ ವರ್ಷ ಹೀಗಿರಲ್ಲ. ಇಂಗ್ಲಿಷ್ ಪಟ್ಟಿ ಮಾತ್ರ ನೋಡಿದವರಿಗೆ ಆ ವರ್ಷ ತೆಳ್ಳಗೆ ಕಂಡಿದೆ, ಅಷ್ಟೇ.

ಸ್ಪ್ಯಾನಿಷ್ ಬಾರದೆ, ಲಾಸ್ ಏಂಜಲೀಸಿಗೋ ಮೆಕ್ಸಿಕೊ ನಗರಕ್ಕೋ ಹೋಗದೆ, ಬರೀ ಸ್ಕ್ಯಾನ್ ಆದ ಪತ್ರಿಕೆಗಳಿಂದ ಮೊರೆನೊ ಪೂರ್ತಿ ಚಿತ್ರಪಟ್ಟಿ ಕಟ್ಟೋಕಾಗಲ್ಲ ಅಂತ ಈ ಕೆಲಸ ಗೊತ್ತಿದ್ದವರೇ ಹೇಳಿದ್ದರು. ಮೊದಲ ಎರಡು ಸುತ್ತಿನಲ್ಲಿ ಅವರ ಮಾತೇ ನಿಜವಾಯಿತು. ಮೂರನೆಯದು ಕೂತಿತು. ಹಳೆ ಪತ್ರಿಕೆ ಹುಡುಕುವ ಕೆಲಸ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಹೇಳಲ್ಲ.

ಮೊದಲ ಸುತ್ತಿನಲ್ಲಿ ಒಂದು ಚಿತ್ರಕ್ಕೆ ಒಂದು ಸಾಲು ಇಟ್ಟಿದ್ದೆ. ಕೆಟ್ಟಿದ್ದು ಅಲ್ಲೇ. ಚಿತ್ರದ ಹೆಸರು ಗೊತ್ತಿದ್ದರೆ ತಾನೇ ಸಾಲು ಹಾಕೋದು? ಹೆಸರು ದಾರಿಯಲ್ಲೇ ಬದಲಾಗುತ್ತೆ. ಯೂನಿವರ್ಸಲ್ ಚಿತ್ರವನ್ನೇ ತಗೊಳ್ಳಿ. ಮೂಲ ಜಾನ್ ವಿಲ್ಲರ್ಡ್‌ನ 1922ರ ನಾಟಕ ‘ದಿ ಕ್ಯಾಟ್ ಅಂಡ್ ದಿ ಕ್ಯಾನರಿ’, ಇಂಗ್ಲಿಷ್ ಟಾಕಿ ‘ದಿ ಕ್ಯಾಟ್ ಕ್ರೀಪ್ಸ್’, ಸ್ಪ್ಯಾನಿಷಿನಲ್ಲಿ ‘ಸತ್ತವನ ಉಯಿಲು’ ಅನ್ನೋ ಅರ್ಥದ ಹೆಸರು. ಒಂದೇ ಕೆಲಸಕ್ಕೆ ಮೂರು ಸಾಲು ಬಿದ್ದವು. ‘ದಿ ಹೌಸ್ ಆಫ್ ಹೇಟ್’ (1918) ಥರದ ಸೀರಿಯಲ್ ಇನ್ನೂ ತೊಂದರೆ. ಇಪ್ಪತ್ತು ಕಂತು, ವಾರಕ್ಕೊಂದು ಜಾಹೀರಾತು, ಕಂತಿಗೊಂದು ಹೆಸರು. ಹುಷಾರಿಲ್ಲದಿದ್ದರೆ ಇಪ್ಪತ್ತೂ ಚಿತ್ರಗಳಾಗಿಬಿಡುತ್ತವೆ. ಸುಮಾರು ನಾಲ್ಕು ತಿಂಗಳ ಕೆಲಸ ಅಳಿಸಿ ಹಾಕಿದೆ.

ಎರಡನೇ ಸುತ್ತು ಸ್ಟುಡಿಯೊವಾರು. ನಟ ಒಂದೇ ಕಡೆ ಗುತ್ತಿಗೆಯಲ್ಲಿದ್ದರೆ ಇದು ನಡೆಯುತ್ತೆ. ವೈಟಾಗ್ರಾಫ್ ಕಂಪನಿಯ ದಿನಗಳ ಮೊರೆನೊಗೆ ಸರಿಹೋಯಿತು ಕೂಡ. ಆದರೆ 1930ರ ಸ್ಪ್ಯಾನಿಷ್ ಆವೃತ್ತಿಗಳ ನಟರು ಸೆಟ್ಟಿಂದ ಸೆಟ್ಟಿಗೆ ಓಡುತ್ತಿದ್ದವರು. ಸ್ಟುಡಿಯೊ ಕಾಲಂ ಒಡೆದಷ್ಟೂ ಮನುಷ್ಯ ಕಾಣೆಯಾಗುತ್ತಾನೆ.

ಕೂತಿದ್ದು ವಾರದ ಲೆಕ್ಕ. ಒಂದು ಸಾಲಿಗೆ ಒಂದು ಸುದ್ದಿ. ಚಿತ್ರವೂ ಅಲ್ಲ, ಸ್ಟುಡಿಯೊವೂ ಅಲ್ಲ, ಆ ವಾರ ಆ ಮನುಷ್ಯ ಎಲ್ಲಿದ್ದ, ಏನು ಮಾಡುತ್ತಿದ್ದ ಅನ್ನೋದು. ಕಾಲಂ ಎಂಟು: ಸಂಚಿಕೆಯ ತಾರೀಕು, ಸುದ್ದಿ ನಡೆದ ವಾರ, ಊರು, ಕ್ರಿಯೆ, ಅಚ್ಚಾದ ಹಾಗೇ ಹೆಸರು, ಜೊತೆ ನಟರು, ಪುಟ, ಚಿತ್ರದ ಕೊಂಡಿ. ಕ್ರಿಯೆ ಕಾಲಂನಲ್ಲಿ ಐದೇ ಪದಗಳಿಗೆ ಜಾಗ: ಘೋಷಣೆ, ಒಪ್ಪಂದ, ಶೂಟಿಂಗ್, ಪ್ರದರ್ಶನ, ಪ್ರಯಾಣ. ಈ ಸಾಲು ಯಾವ ಚಿತ್ರದ್ದು ಅನ್ನೋ ಕೊಂಡಿಯ ಕಾಲಂ ಕೊನೆಯವರೆಗೂ ಖಾಲಿ ಬಿಟ್ಟು, ಸಾಲುಗಳು ಗುಂಪಾದ ಮೇಲೆ ತುಂಬಬೇಕು. ಬರೀ ಘೋಷಣೆ ಇದ್ದು ಶೂಟಿಂಗೂ ಪ್ರದರ್ಶನವೂ ಇಲ್ಲದ್ದು ಪಟ್ಟಿಗೆ ಬರಲ್ಲ, ಪಕ್ಕದ ಹಾಳೆಗೆ ಹೋಗುತ್ತೆ. ಆ ಪಕ್ಕದ ಹಾಳೆ ಈಗ ಮುಖ್ಯ ಹಾಳೆಯ ಮೂರರಲ್ಲೊಂದು ಪಾಲು ಇದೆ.

ಹುಡುಕಾಟದಲ್ಲಿ ಮೊರೆನೊ ಹೆಸರೇ ಶತ್ರು. ಸ್ಪ್ಯಾನಿಷಿನಲ್ಲಿ ‘ಮೊರೆನೊ’ ಅಂದರೆ ಕಪ್ಪು ಮಿಶ್ರಿತ ಕಂದು ಬಣ್ಣದವನು. ಸೌಂದರ್ಯವರ್ಧಕದ ಜಾಹೀರಾತಿನಿಂದ ಹಿಡಿದು ಕವಿತೆಯವರೆಗೆ ಎಲ್ಲ ಎದ್ದು ಬರುತ್ತೆ. ಅದೇ ಕಾಲಕ್ಕೆ ಪ್ಯಾರಾಮೌಂಟಿನ ಸ್ಪ್ಯಾನಿಷ್ ಚಿತ್ರಗಳಲ್ಲಿ ರೊಸೀತಾ ಮೊರೆನೊ ಬೇರೆ ಇದ್ದಾಳೆ. ಮೈಕ್ರೋಫಿಲ್ಮ್ ಸವೆದ ಕಡೆ ಓಸಿಆರ್ (ಸ್ಕ್ಯಾನಿನಿಂದ ಅಕ್ಷರ ಓದುವ ತಂತ್ರಾಂಶ) ‘ಇ’ ಅಕ್ಷರವನ್ನು ‘ಸಿ’ ಅಂತ ಓದುತ್ತೆ, ಸಾಲು ಮುರಿದಲ್ಲಿ ಹೆಸರು ಎರಡು ತುಂಡಾಗುತ್ತೆ. ಕ್ಲಾರಾ ಬೋ ಜೊತೆಗಿನ 1927ರ ಚಿತ್ರದ ಹೆಸರು ‘ಇಟ್’. ಇಂಗ್ಲಿಷ್ ಪತ್ರಿಕೆಯಲ್ಲಿ ಅದನ್ನು ಹುಡುಕಲು ಹೋದರೆ ಪುಟಕ್ಕೆ ಮೂವತ್ತು ಸಲ ಸಿಗುತ್ತೆ. ಅವನು ನಿರ್ದೇಶಿಸಿದ ‘ಸಾಂತಾ’ ಹಾಕಿದರೆ ಸಾಂಟಾ ಮೋನಿಕಾ, ಸಾಂಟಾ ಫೆ, ಕ್ರಿಸ್‌ಮಸ್ ತಾತ ಎಲ್ಲ ಸಾಲಾಗಿ ಬರುತ್ತಾರೆ. ಹಾಗಾಗಿ ನಾಯಕನನ್ನು ಹುಡುಕಬೇಡಿ, ಅವನ ಪಕ್ಕ ನಿಂತ ಅಪರೂಪದ ಹೆಸರನ್ನು ಹುಡುಕಿ. ಲುಪೀತಾ ತೊವಾರ್, ರಮೋನ್ ಪೆರೆದಾ, ಮರಿಯಾ ಆಲ್ಬಾ, ಕತಾಲೀನಾ ಬಾರ್ಸೆನಾ. ಮರಿಯಾ ಆಲ್ಬಾ ಹಾಕಿದ ಒಂದೇ ಸಂಜೆ ಇಪ್ಪತ್ತಕ್ಕೂ ಹೆಚ್ಚು ಮೊರೆನೊ ಸಾಲು ಸಿಕ್ಕವು.

ಭಾಷೆಗೆ ಬೇಕಾದದ್ದು ನಲವತ್ತು ಪದ. ವ್ಯಾಕರಣ ಬೇಡ, ಆದರೆ ಆ ನಲವತ್ತೂ ಆ ಕಾಲದ ಅರ್ಥದಲ್ಲೇ ಗೊತ್ತಿರಬೇಕು. ಯಂತ್ರಾನುವಾದ ಇಲ್ಲೇ ಕಾಲು ಜಾರಿಸೋದು. ‘ಗಲಾನ್’ ಅಂದರೆ ನಾಯಕನಟ. ಯಂತ್ರ ಅದನ್ನು ‘ಶೂರ’ ಅಂತಲೋ ‘ರಸಿಕ’ ಅಂತಲೋ ಮಾಡುತ್ತೆ. ‘ಸಿಂತಾ’ ರಿಬ್ಬನ್ ಅಲ್ಲ, ಚಿತ್ರ. ‘ಕಾಸಾ’ ಮನೆಯಲ್ಲ, ಕಂಪನಿ. ‘ರೆಪಾರ್ತೊ’ ಅಂದರೆ ಇಲ್ಲಿ ಹಂಚಿಕೆ ಅಲ್ಲ, ಪಾತ್ರವರ್ಗ. ದೊಡ್ಡ ಗುಂಡಿ ‘ಇಂಪ್ರೆಸಿಯೊನಾರ್’: ಆಗ ಅದು ಚಿತ್ರೀಕರಿಸು ಅಂತ. ಯಂತ್ರ ಅದನ್ನು ‘ಮೆಚ್ಚಿಸಿದ’ ಅಂತ ಓದಿದ್ದರಿಂದ ಹನ್ನೊಂದು ಶೂಟಿಂಗ್ ಸಾಲುಗಳು ವಿಮರ್ಶೆಯ ಗುಂಪಿಗೆ ಹೋಗಿ ಕೂತಿದ್ದವು. ಅವನ್ನು ವಾಪಸ್ ತಂದ ಮೇಲೇ 1930ರ ಬೇಸಿಗೆ ಸರಿಯಾಗಿ ತುಂಬಿದ್ದು.

ಮುಂದಿನದು ಸಂಚಿಕೆಯ ತಾರೀಕಿಗೂ ಸುದ್ದಿ ನಡೆದ ವಾರಕ್ಕೂ ಇರುವ ಅಂತರ. ಇದನ್ನು ಅಂದಾಜಿನ ಮೇಲೆ ಬಿಡಬಾರದು, ಗಟ್ಟಿ ತಾರೀಕೊಂದನ್ನು ಹಿಡಿದು ಪ್ರತಿ ಪತ್ರಿಕೆಯನ್ನೂ ಅಳೀಬೇಕು. ನನಗೆ ಆ ಅಳತೆಗೋಲು ‘ಸಾಂತಾ’. ಫೆದೆರಿಕೊ ಗಂಬೊವಾ ಕಾದಂಬರಿಯ ಚಿತ್ರ, ಮೊರೆನೊ ಅದರಲ್ಲಿ ನಟಿಸಿಲ್ಲ, ನಿರ್ದೇಶಿಸಿದ. ನಾಯಕಿ ಲುಪೀತಾ ತೊವಾರ್, ಧ್ವನಿಮುದ್ರಣ ರೊದ್ರೀಗೆಸ್ ಸಹೋದರರದು. 1932ರ ಮಾರ್ಚ್ 30ಕ್ಕೆ ಮೆಕ್ಸಿಕೊ ನಗರದ ಸಿನೆ ಪಲಾಸಿಯೊದಲ್ಲಿ ಮೊದಲ ಪ್ರದರ್ಶನ. ಆ ಸುದ್ದಿ ಯಾವ ಪತ್ರಿಕೆಯಲ್ಲಿ ಎಷ್ಟು ವಾರ ತಡವಾಗಿ ಬಂತು ನೋಡಿ, ಅಷ್ಟನ್ನು ಆ ಪತ್ರಿಕೆಯ ಎಲ್ಲ ಸಾಲುಗಳಿಂದ ಕಳೀಬೇಕು. ದಿನಪತ್ರಿಕೆಗೆ ಸೊನ್ನೆಯಿಂದ ಒಂದು ವಾರ, ಸಿನಿಮಾ ಉದ್ಯಮದ ವಾರಪತ್ರಿಕೆಗೆ ಎರಡು, ನ್ಯೂಯಾರ್ಕಿನಲ್ಲಿ ಅಚ್ಚಾಗುತ್ತಿದ್ದ ‘ಸಿನೆ ಮುಂದಿಯಾಲ್’ನಂಥ ಮಾಸಿಕಕ್ಕೆ ಆರೇಳು ವಾರ ಇಟ್ಟೆ. ಇದಿಲ್ಲದೆ ಮೊರೆನೊ ಒಂದೇ ವಾರ ಮೆಕ್ಸಿಕೊದಲ್ಲೂ ಹಾಲಿವುಡ್ಡಿನಲ್ಲೂ ಕಾಣುತ್ತಿದ್ದ.

ಸಾಕ್ಷಿ ಎಣಿಸುವಾಗ ಒಂದು ಎಚ್ಚರ. ಸ್ಯಾನ್ ಆಂಟೋನಿಯೊದ ‘ಲಾ ಪ್ರೆನ್ಸಾ’ (1913) ಮತ್ತು ಲಾಸ್ ಏಂಜಲೀಸಿನ ‘ಲಾ ಒಪಿನಿಯೊನ್’ (1926) ಎರಡನ್ನೂ ಶುರು ಮಾಡಿದವರು ಇಗ್ನಾಸಿಯೊ ಲೊಸಾನೊ. ಒಂದರ ಸುದ್ದಿಯೇ ಇನ್ನೊಂದರಲ್ಲಿ ಬಂದಿದ್ದರೆ ಅದು ಒಂದೇ ಸಾಕ್ಷಿ, ಎರಡಲ್ಲ. ಸ್ಟುಡಿಯೊ ಪ್ರಚಾರ ವಿಭಾಗದ ಒಕ್ಕಣೆಯೂ ಹಾಗೇ. ಎರಡು ಪತ್ರಿಕೆಯಲ್ಲಿ ಎರಡು ವಾಕ್ಯ ಅಕ್ಷರಕ್ಕಕ್ಷರ ಹೊಂದಿದರೆ ಒಂದನ್ನು ಹೊಡೆದುಹಾಕಿ.

ಒಂದೇ ಕಥೆಯ ಇಂಗ್ಲಿಷ್-ಸ್ಪ್ಯಾನಿಷ್ ಅವಳಿ ಚಿತ್ರಗಳ ಗಂಟು ಬಿಡಿಸೋಕೆ ಹೆಚ್ಚು ದಿನ ಹಿಡಿಯಿತು. ‘ಎಲ್ ಓಂಬ್ರೆ ಮಾಲೊ’ ಸುಲಭ. ಇಂಗ್ಲಿಷಿನ ‘ದಿ ಬ್ಯಾಡ್ ಮ್ಯಾನ್’ನಲ್ಲಿ ವಾಲ್ಟರ್ ಹ್ಯೂಸ್ಟನ್, ಸ್ಪ್ಯಾನಿಷಿನಲ್ಲಿ ಮೊರೆನೊ. ಸ್ಟಿಲ್ಲಿನಲ್ಲಿ, ಅಂದರೆ ಚಿತ್ರದ ಪ್ರಚಾರದ ಫೋಟೊದಲ್ಲಿ, ಮೊರೆನೊ ಮುಖ ಇದ್ದರೆ ಸ್ಪ್ಯಾನಿಷಿನದು, ಮುಗೀತು. ಆದರೆ ‘ಎಲ್ ಪ್ರೆಸಿಯೊ ದೆ ಉನ್ ಬೆಸೊ’ಗೂ ಅದರ ಇಂಗ್ಲಿಷ್ ಜೋಡಿ ‘ಒನ್ ಮ್ಯಾಡ್ ಕಿಸ್’ಗೂ ಹೊಸೆ ಮೊಹೀಕಾ, ಮೊನಾ ಮಾರಿಸ್, ಮೊರೆನೊ ಮೂವರೂ ಇದ್ದಾರೆ. 1935ರ ‘ಸ್ಟಾರ್ಮ್ ಓವರ್ ದಿ ಆಂಡೀಸ್’ ಮತ್ತು ‘ಆಲಾಸ್ ಸೋಬ್ರೆ ಎಲ್ ಚಾಕೊ’ ಜೋಡಿಯಲ್ಲೂ ಮೊರೆನೊ ಎರಡೂ ಕಡೆ. ಇಂಥಲ್ಲಿ ಎರಡೂ ಕಡೆ ಇರುವವರ ಮುಖ ನೋಡಿ ಪ್ರಯೋಜನವಿಲ್ಲ. ಒಂದೇ ಕಡೆ ಇರುವವರನ್ನು ನೋಡಬೇಕು. 1935ರ ಜೋಡಿಯಲ್ಲಿ ಜಾಕ್ ಹೋಲ್ಟ್ ಇದ್ದರೆ ಇಂಗ್ಲಿಷಿನದು, ಹೊಸೆ ಕ್ರೆಸ್ಪೊ ಇದ್ದರೆ ಸ್ಪ್ಯಾನಿಷಿನದು. ಯಾರೂ ಇಲ್ಲದ ಒಂಟಿ ಸ್ಟಿಲ್‌ಗೆ ಬೇರೆ ಉಪಾಯ ಇದೆ. ಬಿಡಿ ಕತ್ತರಿಕೆಗಳಿಗೆ ತಾರೀಕು ಹಚ್ಚೋದೂ ಅದರಿಂದಲೇ. ಅದು ಕಾಗದದ ಹಿಂಬದಿಯಲ್ಲಿದೆ ಅಂತ ಮಾತ್ರ ಹೇಳ್ತೀನಿ, ಪಟ್ಟಿ ಪೂರ್ತಿ ಹೊರಬರುವವರೆಗೆ ಉಳಿದದ್ದು ನನ್ನ ಹತ್ತಿರವೇ ಇರಲಿ.

ದುಡ್ಡಿನ ಮಾತು. ಸಿನಿಮಾ ಪತ್ರಿಕೆಗಳಲ್ಲಿ ಬಹುಪಾಲು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ, ಸ್ಪೇನ್ ರಾಷ್ಟ್ರೀಯ ಗ್ರಂಥಾಲಯದ ಹಳೆ ಪತ್ರಿಕೆಗಳೂ ಪುಕ್ಕಟೆ. ಖರ್ಚಾಗಿದ್ದು ದಿನಪತ್ರಿಕೆ ಚಂದಾಕ್ಕೆ: ತಿಂಗಳಿಗೆ ಸಾವಿರದ ಏಳುನೂರರ ಹತ್ತಿರ, ಹದಿನಾಲ್ಕು ತಿಂಗಳು. ಅದರಲ್ಲಿ ಬಹುಪಾಲು ದಂಡ. ಮೊದಲೇ ಪುಕ್ಕಟೆ ಮೂಲ ಮುಗಿಸಿ, ಖಾಲಿ ವಾರಗಳ ಪಟ್ಟಿ ಮಾಡಿಕೊಂಡು, ಆಮೇಲೆ ಎರಡೇ ತಿಂಗಳು ಚಂದಾ ಕಟ್ಟಿದ್ದರೆ ಸಾಕಿತ್ತು. ಹರಾಜಿನಲ್ಲಿ ಕೊಂಡ ಒಂದು ‘ಮೂಲ’ ಸ್ಟಿಲ್ ನಾಲ್ಕು ಸಾವಿರ ಚಿಲ್ಲರೆ, ಮೇಲೆ ಕೊರಿಯರ್, ಕಸ್ಟಮ್ಸ್. ಬಂದದ್ದು ಹೊಸ ಪ್ಲಾಸ್ಟಿಕ್ ಲೇಪದ ಕಾಗದದ ಮರುಮುದ್ರಣ. ಆ ಕಾಲದ ಫೈಬರ್ ಕಾಗದ ಮೂಲೆಯಲ್ಲಿ ಸುರುಳಿಯಾಗುತ್ತೆ, ಇದು ಚಪ್ಪಟೆಯಾಗಿ ಮಲಗಿತ್ತು. ಕೊಳ್ಳುವ ಮುಂಚೆ ಹಿಂಬದಿಯ ಫೋಟೊ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಒಟ್ಟು ಮೂವತ್ತೈದು ಸಾವಿರದೊಳಗೆ ಮುಗಿಯಿತು. ವಿಮಾನದ ಟಿಕೆಟ್ ಇದರ ಎರಡು ಪಟ್ಟು.

ನಡುವೆ ಒಂದೆರಡು ಬೇರೆ ಪ್ರಯೋಗವೂ ಆಯಿತು. ಮುಖ ಗುರುತಿಸುವ ಸಾಫ್ಟ್‌ವೇರಿಗೆ ಸುಮಾರು ಆರುನೂರು ಸ್ಟಿಲ್ ತಿನ್ನಿಸಿದೆ. ಅಚ್ಚಿನ ಚುಕ್ಕೆ, ಮೀಸೆ, ದಪ್ಪ ಮೇಕಪ್ ಸೇರಿ ಕೆಡಿಸಿತು. ಮೊರೆನೊ, ಗಿಲ್ಬರ್ಟ್ ರೋಲಂಡ್, ಡೊನಾಲ್ಡ್ ರೀಡ್ ಮೂವರೂ ಅದಕ್ಕೆ ಒಬ್ಬನೇ. ಸ್ಪ್ಯಾನಿಷ್ ‘ಡ್ರಾಕುಲಾ’ (1931) ನಾಯಕ ಕಾರ್ಲೋಸ್ ವಿಯಾರಿಯಾಸ್‌ಗೆ ಇದೇ ಶೀಟು ಹಾಕಿ ನೋಡಿದೆ. ಚಿತ್ರದಲ್ಲೇ ಹೆಸರು ‘ವಿಯಾರ್’ ಅಂತ ಮೊಟಕಾಗಿದೆ, ಪೂರ್ತಿ ಹೆಸರಲ್ಲಿ ಹುಡುಕಿದರೆ ಅರ್ಧ ಸಾಲು ತಪ್ಪುತ್ತೆ. ನಮ್ಮ ಕಡೆಯದೂ ಒಂದು: ಸುಬ್ಬಯ್ಯ ನಾಯ್ಡು ನಾಯಕನಾದ ‘ಸತಿ ಸುಲೋಚನ’ 1934ರ ಮಾರ್ಚ್ 3ಕ್ಕೆ ತೆರೆಕಂಡರೂ ‘ಭಕ್ತ ಧ್ರುವ’ ಅದಕ್ಕೂ ಮುಂಚೆ ಶುರುವಾದ ಚಿತ್ರ. ಬಿಡುಗಡೆ ವರ್ಷದ ಪಟ್ಟಿಯಲ್ಲಿ ಇದು ಕಾಣಲ್ಲ, ವಾರದ ಶೀಟಿನಲ್ಲಿ ತಾನಾಗೇ ಕಾಣುತ್ತೆ. ಕನ್ನಡಕ್ಕೆ ಯಾರಾದರೂ ಇದನ್ನು ಪೂರ್ತಿ ಮಾಡಿದರೆ ಶೀಟಿನ ಖಾಲಿ ನಮೂನೆ ಕೊಡ್ತೀನಿ.

ಈಗ ಸುಮಾರು ಸಾವಿರದ ಒಂಬೈನೂರು ಸಾಲು ಇದೆ. 1914ರ ವೈಟಾಗ್ರಾಫ್‌ನಿಂದ ಜಾನ್ ಫೋರ್ಡ್‌ನ ‘ದಿ ಸರ್ಚರ್ಸ್’ (1956) ಸಣ್ಣ ಪಾತ್ರದವರೆಗೆ, ಒಂದು ಕಡೆ ಬಿಟ್ಟರೆ, ಸರಪಳಿ ಕಡಿದಿಲ್ಲ. ಫಾಕ್ಸ್‌ನಲ್ಲಿ ಕತಾಲೀನಾ ಬಾರ್ಸೆನಾ ಜೊತೆ ‘ಪ್ರಿಮಾವೆರಾ ಎನ್ ಒತೊನ್ಯೊ’ (1933), ‘ಲಾ ಸಿಯುದಾದ್ ದೆ ಕಾರ್ತೊನ್’ (1934) ಗಟ್ಟಿಯಾಗಿ ಕೂತಿವೆ. ಇನ್ನೂ ತೆಳ್ಳಗಿರೋದು 1936. ಫ್ರಾನ್ಸಿಸ್ಕೊ ಎಲಿಯಾಸ್ ನಿರ್ದೇಶನದ ‘ಮರಿಯಾ ದೆ ಲಾ ಒ’ ಚಿತ್ರಕ್ಕೆ ಮೊರೆನೊ ಸ್ಪೇನಿಗೆ ಹೋದ, ಜೊತೆಗೆ ಕಾರ್ಮೆನ್ ಅಮಾಯಾ ನಟಿಸಿದಳು. ಜುಲೈಯಲ್ಲಿ ಅಂತರ್ಯುದ್ಧ ಹೊತ್ತಿತು, ಸಿನಿಮಾ ಸುದ್ದಿಗೆ ಪತ್ರಿಕೆಗಳಲ್ಲಿ ಜಾಗ ಹೋಯಿತು. ಆ ಬೇಸಿಗೆಯ ಒಂಬತ್ತು ವಾರ ನನ್ನ ಶೀಟಿನಲ್ಲಿ ಇನ್ನೂ ಬಿಳಿ. ಬಾರ್ಸೆಲೋನಾ ದಿನಪತ್ರಿಕೆಗಳ ಚಿತ್ರಮಂದಿರ ಜಾಹೀರಾತನ್ನು ಪುಟಪುಟವಾಗಿ ಕಣ್ಣಲ್ಲೇ ಓದುತ್ತಿದ್ದೇನೆ, ದಿನಕ್ಕೆ ಹನ್ನೆರಡು ಸಂಚಿಕೆ, ಜೂನ್ ಕೊನೆಯವರೆಗೆ ಬಂದಿದ್ದೇನೆ.