ಮನೆಯಲ್ಲೇ ಕ್ಯಾರಮೆಲ್ ಮಿಠಾಯಿ: ಪಾಕ ನೋಡಲು ಬಂದರೆ ಅರ್ಧ ಕೆಲಸ ಮುಗಿದಂತೆ

ಹಬ್ಬಕ್ಕೆ ಅಕ್ಕಪಕ್ಕದವರಿಗೆ ಹಂಚುವ ಸಿಹಿಗೆ ರುಚಿ ಒಂದಿದ್ದರೆ ಸಾಲದು. ನಾಲ್ಕು ದಿನ ಇಟ್ಟರೂ ಕೆಡಬಾರದು, ಡಬ್ಬಿಯಲ್ಲಿ ಅಲುಗಾಡಿದರೂ ಪುಡಿಯಾಗಬಾರದು. ಹಾಗೆ ನೋಡಿದರೆ ನನ್ನ ಓಟು ಮೆತ್ತನೆಯ ಕ್ಯಾರಮೆಲ್‌ಗೆ. ಇದಕ್ಕೆ ಅಚ್ಚು, ಅಲಂಕಾರ ಯಾವುದೂ ಬೇಡ.

ಬೇಕಾಗುವುದು: ಸಕ್ಕರೆ 200 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 100 ಗ್ರಾಂ, ನೀರು 60 ಮಿ.ಲೀ., ಗಟ್ಟಿ ಕ್ರೀಮ್ 200 ಮಿ.ಲೀ., ಬೆಣ್ಣೆ 60 ಗ್ರಾಂ, ಉಪ್ಪು ಅರ್ಧ ಟೀ ಚಮಚ. ಹೆಚ್ಚುಕಮ್ಮಿ 50 ತುಂಡು ಸಿಗುತ್ತವೆ.

ಗ್ಲೂಕೋಸ್ ಬಿಡಬೇಡಿ. ಬರೀ ಸಕ್ಕರೆ ಪಾಕ ಆರುವಾಗ ಮತ್ತೆ ಹರಳುಗಟ್ಟಲು ನೋಡುತ್ತದೆ. ಗ್ಲೂಕೋಸ್ ನಡುವೆ ಸೇರಿ ಅದನ್ನು ತಡೆಯುತ್ತದೆ. ಸಿಗದಿದ್ದರೆ ನಾಲ್ಕಾರು ಹನಿ ನಿಂಬೆರಸವೂ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಮಾಡುತ್ತದೆ.

ಮೊದಲು 15 ಸೆಂ.ಮೀ. ಚೌಕದ ಟ್ರೇಗೆ ಬಟರ್ ಪೇಪರ್ ಹಾಸಿಡಿ. ಆಮೇಲೆ ಹುಡುಕಲು ಪುರುಸೊತ್ತಿರುವುದಿಲ್ಲ. ಕ್ರೀಮ್, ಬೆಣ್ಣೆ, ಉಪ್ಪನ್ನು ಬೇರೆ ಪಾತ್ರೆಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ.

ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಸಕ್ಕರೆ, ಗ್ಲೂಕೋಸ್, ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕುದಿ ಬಂದ ಮೇಲೆ ಸೌಟು ಹಾಕಬೇಡಿ. ಪಾತ್ರೆಯ ಅಂಚಿಗೆ ಅಂಟಿದ ಸಕ್ಕರೆ ಕಾಳು ಪಾಕಕ್ಕೆ ಬಿದ್ದರೂ ಸಾಕು, ಇಡೀ ಪಾಕ ಹರಳಾಗಬಹುದು. ಒದ್ದೆ ಬ್ರಷ್‌ನಿಂದ ಅಂಚನ್ನು ಸವರುತ್ತಿರಿ. ಪಾಕಕ್ಕೆ ಜೇನಿನ ಬಣ್ಣ ಬಂದಾಗ ಒಲೆ ಆರಿಸಿ. ಬೆಚ್ಚಗಿನ ಕ್ರೀಮನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಭುಸ್ಸೆಂದು ಉಕ್ಕುತ್ತದೆ, ದೊಡ್ಡ ಪಾತ್ರೆ ಅಂದದ್ದು ಇದಕ್ಕೇ. ಮಕ್ಕಳನ್ನು ದೂರ ಇಡಿ. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಬಿದ್ದರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ, ಐಸ್ ಬೇಡ.

ಇನ್ನು ಪಾಕದ ಹದ. ಮತ್ತೆ ಒಲೆ ಹಚ್ಚಿ, ತಳ ಹಿಡಿಯದಂತೆ ಕೈಯಾಡಿಸುತ್ತಾ 118ರಿಂದ 120 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ನೀರು ಆವಿಯಾದಷ್ಟೂ ಪಾಕದ ಬಿಸಿ ಏರುತ್ತದೆ. ಹಾಗಾಗಿ ಡಿಗ್ರಿ ಅಂದರೆ ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅನ್ನುವ ಲೆಕ್ಕ, ಅಷ್ಟೆ. ಎತ್ತರದ ಜಾಗದಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ನೋಡಿಕೊಳ್ಳಿ. 97 ತೋರಿಸಿದರೆ ಪಾಕವನ್ನೂ 3 ಡಿಗ್ರಿ ಮೊದಲೇ ಇಳಿಸಿ.

ಥರ್ಮಾಮೀಟರ್ ಇಲ್ವಾ? ಬಟ್ಟಲಲ್ಲಿ ತಣ್ಣೀರಿಟ್ಟು ಅರ್ಧ ಚಮಚ ಪಾಕ ಬಿಡಿ. ನೀರಲ್ಲಿ ಚದುರಿದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಉಂಡೆ ಕಟ್ಟಿ ಹೊರಗೆ ತೆಗೆದಾಗ ಮೆಲ್ಲಗೆ ಚಪ್ಪಟೆಯಾದರೆ ಇನ್ನೆರಡು ನಿಮಿಷ ಬೇಕು. ಆಕಾರ ಬಿಡದೆ ನಿಂತು, ಒತ್ತಿದರೆ ಮಾತ್ರ ತಗ್ಗಿದರೆ ತಕ್ಷಣ ಇಳಿಸಿ. ನಿಜ ಹೇಳಬೇಕೆಂದರೆ ನನಗೆ ಯಂತ್ರಕ್ಕಿಂತ ಈ ಬಟ್ಟಲ ಮೇಲೇ ನಂಬಿಕೆ ಜಾಸ್ತಿ. ಪರೀಕ್ಷೆ ಮಾಡುವಷ್ಟು ಹೊತ್ತೂ ಪಾತ್ರೆ ಒಲೆಯಿಂದ ಕೆಳಗಿರಲಿ, ಇಲ್ಲದಿದ್ದರೆ ಹದ ಮೀರುತ್ತದೆ.

ಟ್ರೇಗೆ ಸುರಿದು ನಾಲ್ಕೈದು ಗಂಟೆ ಬಿಡಿ. ಚಾಕುವಿಗೆ ಎಣ್ಣೆ ಸವರಿ 2 ಸೆಂ.ಮೀ. ಚೌಕ ಕತ್ತರಿಸಿ. ತೀರಾ ಮೆತ್ತಗಿದ್ದರೆ ಮತ್ತೆ ಪಾತ್ರೆಗೆ ಹಾಕಿ, ಒಂದೆರಡು ಚಮಚ ನೀರು ಬೆರೆಸಿ ಕುದಿಸಿದರಾಯಿತು. ಕತ್ತರಿಸಿದ ಕೂಡಲೇ ಒಂದೊಂದನ್ನೂ ಬಟರ್ ಪೇಪರ್‌ನಲ್ಲಿ ಸುತ್ತಿ. ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಯ ದಿನ ತಡ ಮಾಡಿದರೆ ಕೈಗೆಲ್ಲ ಅಂಟು. ಗಾಳಿಯಾಡದ ಡಬ್ಬಿಯಲ್ಲಿ ಹೊರಗಿಟ್ಟರೂ ಎರಡು ವಾರ ಚೆನ್ನಾಗಿರುತ್ತದೆ.

ಹಂಚುವಾಗ ಪೊಟ್ಟಣದ ಮೇಲೆ ಒಂದು ಚೀಟಿ ಅಂಟಿಸಿ: ಹಾಲಿನ ಪದಾರ್ಥ ಇದೆ, ಬೀಜ ಹಾಕಿದ್ದರೆ ಯಾವುದು, ಮಾಡಿದ ತಾರೀಖು ಯಾವತ್ತು. ಯಾರಿಗೆ ಏನು ಅಲರ್ಜಿ ಅಂತ ನಮಗೇನು ಗೊತ್ತು, ಅಲ್ವಾ? ಅಂಟುವ ಮಿಠಾಯಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಂಥ ಮನೆಗೆ ಕೊಡುವಾಗ ದೊಡ್ಡವರ ಕೈಗೇ ಕೊಟ್ಟು ಹೇಳಿ ಬನ್ನಿ. ಮನೆಗೆ ಎಂಟು ಹತ್ತು ತುಂಡು ಸಾಕು. ಸ್ಟೀಲ್ ಡಬ್ಬಿ ಬೇಡ, ಕಾಗದದ ಪೊಟ್ಟಣದಲ್ಲೇ ಕೊಡಿ. ಡಬ್ಬಿ ಕೊಟ್ಟರೆ ಅದನ್ನು ಖಾಲಿ ವಾಪಸ್ ಮಾಡಲು ಅವರಿಗೆ ಸಂಕೋಚ.